ಇಂದಿನ ಚಿಂತನೆ: ‘ನನ್ಗ ರೇಟೇ ಇಲ್ಲಂತ್ರಿ ಸರ್’



2024ರ ನವೆಂಬರ್‌ನಲ್ಲಿ ಜೆಡ್ಡಾದ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್‌ಗೆ 27 ಕೋಟಿ. ನಮ್ಮ ದೇವದತ್ತ ಪಡಿಕ್ಕಲ್ ಹೆಸರು ಮೊದಲ ಸಲ ಕೂಗಿದಾಗ ಯಾರೂ ಕೇಳಲಿಲ್ಲ. ಆಮೇಲೆ ಆರ್‌ಸಿಬಿ ಮೂಲಬೆಲೆ 2 ಕೋಟಿಗೆ ಕೊಂಡಿತು. ಮಯಾಂಕ್ ಅಗರ್ವಾಲ್ ಮಾರಾಟವೇ ಆಗಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಪಡಿಕ್ಕಲ್ ಗಾಯಗೊಂಡಾಗ ಅದೇ ಮಯಾಂಕ್‌ಗೆ ಕರೆ ಬಂತು. ಜೂನ್ 3ರ ಫೈನಲ್ ಗೆದ್ದ ತಂಡದಲ್ಲಿ ಅವರಿದ್ದರು. ಪಂತ್‌ರ ಲಖನೌ ಏಳನೇ ಸ್ಥಾನದಲ್ಲಿ ಮುಗಿಸಿತ್ತು.

ನಮ್ಮ ಮೆಟ್ರಿಯ ಹುಡುಗರೂ ಟೆನಿಸ್ ಬಾಲ್ ಪಂದ್ಯಕ್ಕೆ ಹರಾಜು ಹಾಕುತ್ತಾರೆ. ಯಾರೂ ಕೂಗದೆ ಉಳಿದವನೊಬ್ಬ ಹೇಳಿದ ಮಾತೇ ಮೇಲಿನದು. ‘ನಿನಗೂ ಮಯಾಂಕ್‌ನಂತೆ ಕರೆ ಬರುತ್ತೆ’ ಎನ್ನಲು ನನಗೆ ಮನಸ್ಸಾಗಲಿಲ್ಲ. ಕರೆ ಬಾರದವರೇ ಹೆಚ್ಚು.

ಕನ್ನಡದಲ್ಲಿ ಮಾನವೆಂದರೆ ಮರ್ಯಾದೆ, ಅಳತೆಯೂ ಹೌದು. ಪಾಲಿಯಲ್ಲಿ ಅದು ಅಹಂಕಾರ. ಬುದ್ಧರು ಅದನ್ನು ಮೂರು ಬಗೆಯಾಗಿ ಹೇಳಿದರು: ನಾನು ಹೆಚ್ಚು, ನಾನು ಸಮ, ನಾನು ಕಡಿಮೆ. ಮೂರನೆಯದೂ ಅಹಂಕಾರವೇ ಎಂಬುದು ನಮಗೆ ಬೇಗ ಹೊಳೆಯುವುದಿಲ್ಲ. ‘ನೀನು ಅವನಿಗಿಂತ ಮೇಲು’ ಎಂದು ಸಮಾಧಾನ ಮಾಡಿದರೆ ಹುಡುಗ ತಕ್ಕಡಿಯ ಆ ತಟ್ಟೆಯಿಂದ ಈ ತಟ್ಟೆಗೆ ಬರುತ್ತಾನೆ, ಅಷ್ಟೇ. ತಕ್ಕಡಿ ಅಲ್ಲೇ ಇರುತ್ತದೆ.

ಇಂದು ಧ್ಯಾನಕ್ಕೆ ಕೂತಾಗ ಅಕ್ಕಪಕ್ಕದವರೊಡನೆ ತೂಗುವ ಯೋಚನೆ ಬಂದರೆ ‘ಮಾನ’ ಎಂದಷ್ಟೇ ಗುರುತಿಸಿ, ಉಸಿರಿಗೆ ಮರಳಿ. ಎಷ್ಟು ಸಲ ಬಂತೆಂದು ಮಾತ್ರ ಎಣಿಸಬೇಡಿ, ಅದಕ್ಕೂ ಗುಂಪಿನಲ್ಲಿ ಪೈಪೋಟಿ ಶುರುವಾದೀತು!