ಪಾಪದ ಪಾಲು

ಗದಗ ಸೀಮೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಮೂವತ್ತೊಂದು ವರ್ಷ ಕಾರ್ಯದರ್ಶಿಯಾಗಿದ್ದೆ. ಸಿದ್ದನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದ ಕಣಗಿನಹಾಳ ನಮಗೆ ಹತ್ತಿರ. ನಮ್ಮ ಸಂಘದಲ್ಲಿ ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ.

ಒಂದು ಬರಗಾಲದ ವರ್ಷ. ಸುಸ್ತಿದಾರರ ಮೇಲೆ ದಾವೆ ಹಾಕುವ ವಿಷಯ ವಾರ್ಷಿಕ ಸಭೆಗೆ ಬಂತು. ಹಾಕದಿದ್ದರೆ ಲಾಭಾಂಶವಿಲ್ಲ ಎಂದರು ಮುಂದೆ ಕೂತವರು. ಕಂಬಕ್ಕೊರಗಿದ್ದ ಅಜ್ಜಿ ಎದ್ದು ಕೇಳಿದಳು: "ಯಪ್ಪಾ ಸೆಕ್ರೆಟ್ರಿ, ಲಾಭ ಎಲ್ಲಾರ ಖಾತೇಕ ಬರೀತಿ. ಪಾಪ ಯಾರ ಖಾತೇಕ ಬರೀತಿ?"

ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆ ಓದುವಾಗಲೆಲ್ಲ ಈ ಪ್ರಶ್ನೆ ಎದುರು ಬಂದು ನಿಲ್ಲುತ್ತದೆ. 1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಕಂಪನಿಯ ಕೈಸೇರಿತು. ಅದರ 24 ನಿರ್ದೇಶಕರನ್ನು ಆರಿಸುತ್ತಿದ್ದದ್ದು ಲಂಡನ್ನಿನ ಷೇರುದಾರರ ಸಭೆ. ಐನೂರು ಪೌಂಡಿನ ಷೇರಿಗೆ ಒಂದು ಮತ. ಹೆಂಗಸರೂ ಪರದೇಶದವರೂ ಮತ ಹಾಕಬಹುದಿತ್ತು. ಕಂದಾಯ ಕಟ್ಟುವ ರೈತನಿಗೆ ಮಾತ್ರ ಮತವಿಲ್ಲ. ಚುನಾವಣೆ ಬಂತೆಂದರೆ ದೊಡ್ಡ ಕುಳಗಳು ತಮ್ಮ ಷೇರನ್ನು ಐನೂರು ಐನೂರಾಗಿ ಒಡೆದು ಆಪ್ತರ ಹೆಸರಿಗೆ ಬರೆಸುತ್ತಿದ್ದರು. ಬೇನಾಮಿ ಸದಸ್ಯರನ್ನು ಕಂಡ ನನಗೆ ಇದು ಹೊಸದಲ್ಲ.

1770ರಲ್ಲಿ ಬಂಗಾಳದ ಜನ ಹಸಿವಿನಿಂದ ಸತ್ತರು. ಆದರೂ 1771ರ ಕಂದಾಯ ವಸೂಲಿ 1768ಕ್ಕಿಂತ ಹೆಚ್ಚಿತ್ತೆಂದು ಕಂಪನಿಯ ಗವರ್ನರ್ ವಾರನ್ ಹೇಸ್ಟಿಂಗ್ಸನೇ ಬರೆದ. 1773ರಲ್ಲಿ ಕಂಪನಿಯನ್ನು ಹದ್ದಿಗೆ ತರಲು ಬ್ರಿಟಿಷ್ ಪಾರ್ಲಿಮೆಂಟ್ ಕಾಯ್ದೆ ಮಾಡಿತು. ಆ ಕಾಯ್ದೆಯಲ್ಲಿ ಮತದ ಬೆಲೆಯೂ ಏರಿತು: ಸಾವಿರ ಪೌಂಡಿಗೆ ಒಂದು ಮತ, ಮೂರು ಸಾವಿರಕ್ಕೆ ಎರಡು, ಆರಕ್ಕೆ ಮೂರು, ಹತ್ತಕ್ಕೆ ನಾಲ್ಕು. ಸತ್ತವರ ಊರಿನಿಂದ ಒಬ್ಬನಿಗೂ ಆ ಷೇರುದಾರರ ಸಭೆಯಲ್ಲಿ ಕೂರಲು ಜಾಗ ಸಿಗಲಿಲ್ಲ.

ಬೇಡನಾಗಿದ್ದ ವಾಲ್ಮೀಕಿ, ತನ್ನ ಪಾಪದಲ್ಲಿ ಪಾಲು ತಗೊಳ್ಳುವಿರಾ ಎಂದು ಹೆಂಡತಿ ಮಕ್ಕಳನ್ನು ಕೇಳಿದ್ದನಂತೆ. ಅವರು ಒಲ್ಲೆವೆಂದರು. ಅಲ್ಲಿ ಕೇಳುವವನಾದರೂ ಒಬ್ಬನಿದ್ದ. ಮತವನ್ನೇ ಷೇರಿನಂತೆ ಕೊಂಡುಕೊಳ್ಳುವ ರಾಜ್ಯದಲ್ಲಿ ಆ ಪ್ರಶ್ನೆ ಯಾವ ಮನೆಯ ಬಾಗಿಲಿಗೂ ಹೋಗುವುದಿಲ್ಲ. ನನ್ನನ್ನು ಕಾಡುವುದು ಇದು. ನಷ್ಟವಾದರೆ ಷೇರು ಹಾಕಿದಷ್ಟೇ ಹೊಣೆ ಎಂದು ಕಾನೂನು ಮಿತಿ ಹಾಕಬಹುದು. ಕರ್ಮಕ್ಕೆ ಆ ಮಿತಿಯಿದೆ ಎಂದು ನಾನು ನಂಬಲಾರೆ.

ನಮ್ಮ ಸಭೆಯ ಆ ದಿನ ನನ್ನ ಮೇಜಿನ ಖಾನೆಯಲ್ಲಿ ನಲವತ್ತು ನೋಟಿಸುಗಳಿದ್ದವು, ಎಲ್ಲಕ್ಕೂ ನಾನಾಗಲೇ ಸಹಿ ಮಾಡಿದ್ದೆ. ಅಜ್ಜಿ ಕೇಳಿದ್ದು ಸಭೆಯನ್ನಲ್ಲ, ನನ್ನನ್ನು. ಕೈ ಎತ್ತಿಸಿ ಎಣಿಸಿದೆ. ದಾವೆ ಬೇಡವೆಂದವರೇ ಹೆಚ್ಚು. ಠರಾವಿನ ಕೆಳಗೆ ಹೆಬ್ಬೆಟ್ಟೊತ್ತಿ ಅವಳು ಬೆರಳಿನ ಮಸಿಯನ್ನು ಕಂಬಕ್ಕೆ ಒರೆಸಿದಳು.