ಗೆರೆ ಎಳೆದವರು ಯಾರು?

ಅಕ್ಕ ಫೋನಿನಲ್ಲಿ ದನಿ ತಗ್ಗಿಸಿದಳು: "ಮಗಳಿಗೆ ಪಿಸಿಓಎಸ್ ಅಂತೆ. ಗಂಡಿನ ಕಡೆಯವರ ಹತ್ತಿರ ಬಾಯಿ ಬಿಡಬೇಡ ಕಣೋ." ಹೂಂ ಎಂದೆ. ರಾತ್ರಿ ನಿದ್ದೆ ಬರಲಿಲ್ಲ. ಮುಚ್ಚಿಟ್ಟರೆ ಸುಳ್ಳೇ? ಹೇಳಿದರೆ ನ್ಯಾಯವೇ?

ಮೊದಲು ಆ ಹೆಸರನ್ನೇ ನೋಡೋಣ. 1935ರಲ್ಲಿ ಶಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂತಾಲ್ ಏಳು ಮಹಿಳೆಯರ ವಿವರ ಪ್ರಕಟಿಸಿದರು. ಅಂಡಾಶಯದ ತುಂಡೊಂದನ್ನು ಕತ್ತರಿಸುವುದೇ ಅಂದಿನ ಚಿಕಿತ್ಸೆ. ದೋಷವೆಲ್ಲ ಅಂಡಾಶಯದ್ದು ಎಂದಾಯಿತು. ಆದರೆ ಸ್ಕ್ಯಾನಿನಲ್ಲಿ ಕಾಣುವ 'ಗುಳ್ಳೆ'ಗಳು ನಿಜವಾದ ಸಿಸ್ಟ್‌ಗಳಲ್ಲ, ಬೆಳವಣಿಗೆ ಅರ್ಧಕ್ಕೆ ನಿಂತ ಫಾಲಿಕಲ್‌ಗಳು. ಎಷ್ಟೋ ಜನರಲ್ಲಿ ಇನ್ಸುಲಿನ್ನಿನ ಏರುಪೇರೂ ಜೊತೆಗಿರುತ್ತದೆ. ಈ ಹೆಸರು ದಾರಿ ತಪ್ಪಿಸುತ್ತದೆ, ಬದಲಿಸಿ ಎಂದು 2012ರಲ್ಲಿ ಅಮೆರಿಕದ ತಜ್ಞರ ಸಮಿತಿಯೇ ಹೇಳಿತು.

ಗೆರೆಯೂ ಸರಿದಿದೆ. 1990ರ ಅಮೆರಿಕನ್ ಮಾನದಂಡದಲ್ಲಿ ಸ್ಕ್ಯಾನಿಗೆ ಜಾಗವಿರಲಿಲ್ಲ. 2003ರ ರಾಟರ್‌ಡ್ಯಾಮ್ ಸಭೆ ಮೂರರಲ್ಲಿ ಎರಡಿದ್ದರೆ ಸಾಕೆಂದಿತು: ಅಂಡ ಬಿಡುಗಡೆಯಲ್ಲಿ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿನ ಚಿತ್ರ. ಹುಡುಗಿ ಅವಳೇ, ಗೆರೆ ಸರಿದಾಗ ರೋಗಿಯಾದಳು. ಮೈಕೂದಲಿಗೆ ಅಂಕ ಕೊಡುವ 1961ರ ಫೆರಿಮನ್-ಗಾಲ್ವೇ ಪದ್ಧತಿಯ ಮಿತಿ ಎಲ್ಲ ಜನಾಂಗಕ್ಕೂ ಒಂದೇ ಆಗದು ಎಂಬುದು ಈಗ ಒಪ್ಪಿದ ಮಾತು. ಪೂರ್ವ ಏಷ್ಯಾದ ಹೆಂಗಸರಲ್ಲಿ ಕೂದಲು ಕಡಿಮೆ. ನಮ್ಮ ಕಡೆಯವರಿಗೆ ತೂಕ ಹೆಚ್ಚಿಲ್ಲದಿದ್ದರೂ ಇನ್ಸುಲಿನ್ ತೊಂದರೆ ಬರಬಹುದು.

ಹಾಗಾದರೆ ಎಲ್ಲವೂ ಬರೀ ಹೆಸರಿನ ಆಟವೇ? ಅಲ್ಲ. ಆಫೀಸಿನಲ್ಲಿ ಸರ್ವರ್ ಅಲರ್ಟಿನ ಮಿತಿಯನ್ನು ನಾವೇ ಗೊತ್ತು ಮಾಡುತ್ತೇವೆ. ಮಿತಿ ನಮ್ಮದು, ಸರ್ವರ್ ಬಿಸಿಯಾಗುವುದು ನಿಜ. ಸೊಸೆಗೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು, ತಪಾಸಣೆ ಬೇಕು. ಅದಕ್ಕೆ ಈ ಹೆಸರು ಉಪಕಾರಿ. ಅದೇ ಹೆಸರು ಮದುವೆ ಮಾತುಕತೆಗೆ ಬಂದರೆ 'ಮಕ್ಕಳಾಗಲ್ಲ' ಎಂದು ಅನುವಾದವಾಗುತ್ತದೆ. ಅದು ತಪ್ಪು ಅನುವಾದ: ಹಲವರಿಗೆ ತಾವಾಗಿಯೇ, ಹಲವರಿಗೆ ಔಷಧಿಯಿಂದ ಮಕ್ಕಳಾಗುತ್ತವೆ.

ಆದ್ದರಿಂದ ನನಗೆ ಅನ್ನಿಸಿದ್ದು ಇಷ್ಟು. ಜೊತೆಗೆ ಬಾಳುವ ಹುಡುಗನಿಗೆ ಗೊತ್ತಿರಬೇಕು, ಆದರೆ ಹೇಳಬೇಕಾದವಳು ಅವಳೇ. ಅವನ ನೆಂಟರಿಷ್ಟರಿಗೆ ಆ ಹಕ್ಕಿಲ್ಲ. ಬೆಳಿಗ್ಗೆ ಅಕ್ಕನಿಗೆ ಇದನ್ನೇ ಹೇಳಿದೆ. ಅವಳು ಸುಮ್ಮನಿದ್ದಳು. ಫೋನು ಕಿತ್ತುಕೊಂಡ ಸೊಸೆ ಕೇಳಿದಳು: "ಮಾಮಾ, ಆ ಹುಡುಗನ ಶುಗರ್ ಎಷ್ಟು ಅಂತ ನೀವ್ಯಾರೂ ಕೇಳೇ ಇಲ್ವಲ್ಲ?"

ಹೌದು, ನಾನೂ ಕೇಳಿರಲಿಲ್ಲ.