ಬಂದಷ್ಟು ಬೆಲೆಗೆ ಪಿಟೀಲು

ಜನವರಿಯಲ್ಲಿ ಕೊಂಡ ಯೋಗದ ಚಾಪೆ ಯುಗಾದಿಯ ಹೊತ್ತಿಗೆ ಮಂಚದಡಿ ಸೇರುವುದು ನಮ್ಮ ಬಹಳಷ್ಟು ಮನೆಗಳ ಕಥೆ. ಕಸ ಗುಡಿಸುವಾಗ ಅದು ಕಣ್ಣಿಗೆ ಬಿದ್ದರೆ ಮನಸ್ಸು ಕುಟುಕುತ್ತದೆ. ಅಷ್ಟು ನೊಂದುಕೊಳ್ಳಬೇಕಾಗಿಲ್ಲ. ಹೀಗೆ ಅರ್ಧಕ್ಕೆ ಬಿಟ್ಟವರಲ್ಲಿ ಗಾಂಧೀಜಿಯೂ ಒಬ್ಬರು.

1888ರಲ್ಲಿ ಬ್ಯಾರಿಸ್ಟರಿ ಓದಲು ಲಂಡನ್ನಿಗೆ ಹೋದ ಅವರಿಗೆ, ಅಲ್ಲಿನವರಂತೆ ನಾಗರಿಕರಾಗುವ ಹುಚ್ಚು ಹಿಡಿಯಿತು. ದುಬಾರಿ ಸೂಟು, ಎತ್ತರದ ಟೋಪಿ, ಭಾಷಣಕಲೆಯ ಪಾಠ ಎಲ್ಲವೂ ಆದವು. ಮೂರು ಪೌಂಡ್ ಕಟ್ಟಿ ನೃತ್ಯದ ತರಗತಿಗೆ ಸೇರಿದರು. ಪಿಯಾನೊ ಎತ್ತ ಸಾಗುತ್ತಿದೆಯೆಂದೇ ತಿಳಿಯದೆ ಕಾಲು ತಾಳ ತಪ್ಪಿತು. ಕಿವಿ ಪಳಗಲೆಂದು ಇನ್ನೂ ಮೂರು ಪೌಂಡ್ ಕೊಟ್ಟು ಪಿಟೀಲು ಕೊಂಡರು! (ನಾವೂ ಓಡಲೆಂದು ಶೂ ಕೊಂಡು, ಓಡದಿದ್ದಾಗ ಹೆಜ್ಜೆ ಎಣಿಸುವ ಗಡಿಯಾರ ಕೊಳ್ಳುತ್ತೇವಲ್ಲ.) ಸುಮಾರು ಮೂರು ತಿಂಗಳಿಗೆ ಹುಚ್ಚು ಇಳಿಯಿತು. ಬಂದಷ್ಟು ಬೆಲೆಗೆ ಪಿಟೀಲನ್ನು ಮಾರಿಕೊಡಿ ಎಂದು ಕಲಿಸುತ್ತಿದ್ದಾಕೆಯನ್ನೇ ಕೇಳಿಕೊಂಡರು. ಪುಣ್ಯಾತ್ಮಳು, ಬೇಸರಿಸದೆ ಬೆನ್ನು ತಟ್ಟಿದಳು.

ಹಾಗೆಂದು ಅವರು ಕೈಕಟ್ಟಿ ಕೂರಲಿಲ್ಲ. ಅಣ್ಣ ಕಷ್ಟಪಟ್ಟು ಕಳಿಸುತ್ತಿದ್ದ ಹಣ ನೆನಪಿತ್ತು. ಖರ್ಚು ಇಳಿಸಿ, ಬಸ್ಸಿನ ಕಾಸು ಉಳಿಸಿ, ದಿನಕ್ಕೆ ಎಂಟು-ಹತ್ತು ಮೈಲಿ ನಡೆದರು. ಮಲಗುವ ಮುನ್ನ ಕಾಸು ಕಾಸಿನ ಲೆಕ್ಕ ಬರೆದಿಡುವ ರೂಢಿಯನ್ನಂತೂ ಎಂದೂ ಬಿಡಲಿಲ್ಲ.

ಇನ್ನೆರಡು ಕೊರತೆಗಳು ಉಳಿದೇ ಹೋದವು. ಒಂದು ಸಂಕೋಚ. ಅಲ್ಲಿನ ಸಸ್ಯಾಹಾರಿ ಸಂಘದ ಸಮಿತಿಯಲ್ಲಿ ಬಾಯಿ ತೆರೆಯಲಾಗದೆ, ಬರೆದು ಒಯ್ದದ್ದನ್ನು ಬೇರೆಯವರಿಂದ ಓದಿಸಿದ್ದುಂಟು. ಆದರೆ ಮಾತಿನಲ್ಲಿ ಮಿತವ್ಯಯ ಕಲಿಸಿದ್ದು ಆ ಸಂಕೋಚವೇ ಎಂದು ಆತ್ಮಕಥೆಯಲ್ಲಿ ಅದಕ್ಕೆ ಕೃತಜ್ಞರಾಗಿದ್ದಾರೆ. ಇನ್ನೊಂದು ಕೆಟ್ಟ ಕೈಬರಹ. ಅದಕ್ಕೆ ಈ ಕ್ಷಮೆ ಸಿಗಲಿಲ್ಲ. ಅದು ಅರೆಕೊರೆ ವಿದ್ಯೆಯ ಗುರುತೆಂದೇ ಬರೆದರು. ಒಂದಕ್ಕೆ ಕೃತಜ್ಞತೆ, ಇನ್ನೊಂದಕ್ಕೆ ಪಶ್ಚಾತ್ತಾಪ ಏಕೆ? ನನಗೆ ತೋರುವುದಿಷ್ಟು: ಅವರ ಮೌನದಿಂದ ಯಾರಿಗೂ ತೊಂದರೆಯಿರಲಿಲ್ಲ, ಓದಲಾಗದ ಅಕ್ಷರದ ಪಾಡು ಓದುವವರದು. ನಮ್ಮ ಕೊರತೆಗಳಿಗೂ ಇದೇ ಅಳತೆ ಸಾಕು. ಮದುವೆ ಮನೆಯಲ್ಲಿ ಹಾಡಲು ಬಾರದಿದ್ದರೆ ಯಾರಿಗೇನು ನಷ್ಟ? ಆದರೆ ಊಟಕ್ಕೆ ಕೂತಾಗಲೆಲ್ಲ ಸಿಡುಕುವ ಯಜಮಾನರು "ನನ್ನ ಸ್ವಭಾವವೇ ಹೀಗೆ" ಎನ್ನುತ್ತಾರೆ. ಅದು ಒಪ್ಪಿಗೆಯೇ ಎಂದು ಬಡಿಸುವವರನ್ನೊಮ್ಮೆ ಕೇಳಿ ನೋಡಬೇಕು.